ಚಿಕ್ಕಮಗಳೂರಿನ ಗ್ರಂಥಾಲಯದಲ್ಲಿ ಕಾಫಿ ಪ್ರದರ್ಶನ: ಅರ್ಜಿ ಕೊಡುವುದರಿಂದ ಹಲಗೆ ಇಳಿಸುವವರೆಗೆ

ಗ್ರಂಥಾಲಯಗಳಲ್ಲಿ ನಡೆಯುವ ಪ್ರದರ್ಶನಗಳಲ್ಲಿ ಬಹುಪಾಲು ಎಲ್ಲಿ ಬೇಕಾದರೂ ನಡೆಯಬಹುದಾದಂಥವು. ಹತ್ತು ಚಿತ್ರಪಟ, ಒಂದು ಬ್ಯಾನರ್, ಉದ್ಘಾಟನೆಯ ಫೋಟೊ. ಅಷ್ಟನ್ನೂ ಕಲ್ಯಾಣ ಮಂಟಪಕ್ಕೆ ಸಾಗಿಸಿದರೂ ಏನೂ ಕೊರತೆಯಾಗದು. ಗ್ರಂಥಾಲಯದಲ್ಲಷ್ಟೇ ಆಗುವ ಕೆಲಸ ಬೇರೆ ಇದೆ. ಒಂದೇ ವಿಷಯದ ಪುಸ್ತಕಗಳು ವರ್ಗೀಕರಣದ ದೆಸೆಯಿಂದ ಹಲವು ಕಪಾಟುಗಳಿಗೆ ಹಂಚಿಹೋಗಿರುತ್ತವೆ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕಾಫಿ ಬೇಸಾಯ 633.73ರಲ್ಲಿ, ಹುರಿದು ಪುಡಿ ಮಾಡುವ ಉದ್ಯಮ 663.93ರಲ್ಲಿ, ಕರ್ನಾಟಕದ ಚರಿತ್ರೆ 954.87ರಲ್ಲಿ, ತೋಟದ ಬದುಕಿನ ಕನ್ನಡ ಕತೆ-ಕಾದಂಬರಿ 894.814ರಲ್ಲಿ. ಓದುಗ ತಾನಾಗಿ ಈ ನಾಲ್ಕೂ ಕಡೆ ಹೋಗಿ ತಡಕುವುದಿಲ್ಲ. ಪ್ರದರ್ಶನ ಅವನ್ನು ಒಂದು ಮೇಜಿಗೆ ತರುತ್ತದೆ. ಹಾಗಾಗಿ ಯೋಜನೆ ಮಾಡುವಾಗ ಮೇಜು ಮೊದಲು, ಗೋಡೆ ಆಮೇಲೆ.

ಇಲ್ಲಿ ಕಾಫಿಯನ್ನು ಉದಾಹರಣೆಯಾಗಿಟ್ಟುಕೊಂಡು, ಚಿಕ್ಕಮಗಳೂರಿನ ಜಿಲ್ಲಾ ಕೇಂದ್ರ ಗ್ರಂಥಾಲಯದಂಥ ಜಾಗದಲ್ಲಿ ಹದಿನೈದು ದಿನದ ಪ್ರದರ್ಶನ ಮಾಡುವ ಬಗೆ ಹೇಳಿದೆ. ವಿಷಯ ಬದಲಾದರೂ ಅಳತೆಗಳು ಬದಲಾಗುವುದಿಲ್ಲ.

ದಿನ ಗೊತ್ತು ಮಾಡುವುದು

ಗ್ರಂಥಾಲಯದ ಪಂಚಾಂಗದಲ್ಲಿ ಎರಡು ದಿನಗಳು ಎದ್ದು ಕಾಣುತ್ತವೆ: ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ನೆನಪಿನ ಆಗಸ್ಟ್ 12ರ ಗ್ರಂಥಪಾಲಕರ ದಿನ ಮತ್ತು ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಮಲೆನಾಡಿನ ಬಾಗಿಲಲ್ಲಿರುವ ಊರಿಗೆ ಎರಡೂ ಅಷ್ಟಾಗಿ ಹೊಂದುವುದಿಲ್ಲ. ಆಗಸ್ಟ್‌ನಲ್ಲಿ ಮಳೆ ಜೋರು. ಮೂಡಿಗೆರೆ, ಕೊಪ್ಪ, ಕಳಸದ ಕಡೆಯವರು ಬರುವುದು ಕಷ್ಟ, ಹಳೆಯ ಕಾಗದ ಹೊರಗಿಡುವುದು ಇನ್ನೂ ಕಷ್ಟ. ನವೆಂಬರ್‌ನಲ್ಲಿ ಹವೆ ಒಳ್ಳೆಯದು, ಆದರೆ ಅರೇಬಿಕಾ ಕೊಯ್ಲು ಶುರುವಾಗಿರುತ್ತದೆ. ತೋಟದವರೂ ಕೆಲಸದವರೂ ಕಣ ಬಿಟ್ಟು ಬರುವುದಿಲ್ಲ. ಕಾಫಿಯ ಬಗ್ಗೆ ಮಾಡುವ ಪ್ರದರ್ಶನಕ್ಕೆ ಕಾಫಿ ಬಲ್ಲವರೇ ಇಲ್ಲದಂತಾಗುತ್ತದೆ. ಜನವರಿ ಕೊನೆಯ ವಾರದಿಂದ ಫೆಬ್ರವರಿ ಮಧ್ಯದವರೆಗೆ ಉತ್ತಮ. ಅರೇಬಿಕಾ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ, ಗಾಳಿ ಒಣಗಿರುತ್ತದೆ, ಶಾಲೆಗಳು ಪರೀಕ್ಷೆಯ ಗಡಿಬಿಡಿಗೆ ಇನ್ನೂ ಬಿದ್ದಿರುವುದಿಲ್ಲ. ಸಪ್ತಾಹದಲ್ಲೇ ಮಾಡಬೇಕೆಂದು ಇಲಾಖೆಯವರು ಹೇಳಿದರೆ ಕಾಫಿ ಬಿಟ್ಟು ಬೇರೆ ವಿಷಯ ಹಿಡಿಯಿರಿ. ಈ ಜಿಲ್ಲೆಯಲ್ಲಿ ವಿಷಯಕ್ಕೆ ಬರವಿಲ್ಲ. ಕುವೆಂಪು ಹುಟ್ಟಿದ ಹಿರೇಕೊಡಿಗೆ, ಲಕ್ಷ್ಮೀಶನ ದೇವನೂರು, ತೇಜಸ್ವಿಯವರ ಮೂಡಿಗೆರೆ ಎಲ್ಲವೂ ಇಲ್ಲೇ ಇವೆ.

ಸಾರ್ವಜನಿಕ ಗ್ರಂಥಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಚಿತ್ರ-ಬರಹದ ಹಲಗೆ ನಿಲ್ಲಿಸುವ ಕೆಲಸಕ್ಕೆ ಆ ದಿನವೇ ಸೂಕ್ತ, ಓದುಗರಿಗೆ ತೊಂದರೆಯಿಲ್ಲ. ಆದರೆ ರಜೆಯ ದಿನ ಬೀಗ ತೆಗೆಯಲು ಸಿಬ್ಬಂದಿ ಬೇಕು. ಅದನ್ನು ಅರ್ಜಿಯಲ್ಲೇ ಬರೆಯಿರಿ, ಬಾಯಿಮಾತಿಗೆ ಬಿಡಬೇಡಿ.

ಅರ್ಜಿ

ಆರು ವಾರ ಮುಂಚೆ ಕೊಡಿ. ಗ್ರಂಥಾಲಯದ ಮುಖ್ಯಸ್ಥರ ಹೆಸರಿಗಲ್ಲ, ಹುದ್ದೆಗೆ ಬರೆಯಿರಿ. ನಡುವೆ ವರ್ಗಾವಣೆಯಾದರೂ ಕಡತ ಉಳಿಯುತ್ತದೆ. ಒಂದೇ ಪುಟ ಸಾಕು: ವಿಷಯ, ತಾರೀಕು, ಬೇಕಾದ ಜಾಗ ಅಡಿಗಳಲ್ಲಿ, ಎಷ್ಟು ಮೇಜು-ಕುರ್ಚಿ, ವಿದ್ಯುತ್ ಪಾಯಿಂಟ್, ಯಾರು ಜವಾಬ್ದಾರರು, ಗೋಡೆಗೆ ಮೊಳೆ ಹೊಡೆಯುವುದಿಲ್ಲವೆಂಬ ಮಾತು. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜತೆಗೇ ಗ್ರಂಥಾಲಯ ಕರವನ್ನೂ ಊರಿನವರು ಕಟ್ಟುತ್ತಿದ್ದಾರೆ, ಜಾಗ ಕೇಳಲು ಸಂಕೋಚ ಬೇಡ.

ಇಲಾಖೆಯ ಹೆಸರಲ್ಲಿ ವೇದಿಕೆ ಕಾರ್ಯಕ್ರಮವೆಂದು ಮಾಡಿದರೆ ಶಿಷ್ಟಾಚಾರ ಬರುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಜನಪ್ರತಿನಿಧಿಗಳ ಹೆಸರು ಕ್ರಮವಾಗಿ ಇರಬೇಕು, ಅವರ ಸಮಯಕ್ಕೆ ನಿಮ್ಮ ಸಮಯ ಹೊಂದಬೇಕು, ಒಂದು ಹೆಸರು ಮೇಲೆ ಕೆಳಗೆ ಆದರೆ ಪತ್ರಿಕೆಯನ್ನೇ ಮತ್ತೆ ಮುದ್ರಿಸಬೇಕು. ಸಭೆ ಬೇಡ, ಪ್ರದರ್ಶನ ಮಾತ್ರ ಎಂದು ಮೊದಲೇ ತೀರ್ಮಾನಿಸಿಕೊಂಡರೆ ಅರ್ಧ ತಲೆನೋವು ಕಡಿಮೆ. ಸಭೆ ಇರಲೇಬೇಕೆಂದಾದರೆ ದೀಪ ಬೆಳಗುವುದನ್ನು ಹೊರಗಿನ ಪಡಸಾಲೆಯಲ್ಲಿ ಇಟ್ಟುಕೊಳ್ಳಿ. ಕಾಗದ, ಬಟ್ಟೆ ಬ್ಯಾನರ್, ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ತುಂಬಿದ ಕೋಣೆಯೊಳಗೆ ಎಣ್ಣೆ ದೀಪ ಬೇಡವೇ ಬೇಡ.

ಮೇಜಿನ ಮೇಲಿನ ಪುಸ್ತಕ

ಮೂವತ್ತು ಪುಸ್ತಕ ಸಾಕು. ಹೆಚ್ಚಾದರೆ ಅದು ಇನ್ನೊಂದು ಕಪಾಟಾಗುತ್ತದೆ, ಯಾರೂ ಮುಟ್ಟುವುದಿಲ್ಲ. ಮುಖಪುಟ ಕಾಣುವಂತೆ ನಿಲ್ಲಿಸಿ, ಬೆನ್ನು ಕಾಣುವಂತೆ ಅಲ್ಲ. ಆರಡಿ ಉದ್ದದ ಮೇಜಿಗೆ ಎರಡು ಸಾಲಿನಲ್ಲಿ ಹದಿನೈದು ಹಿಡಿಸುತ್ತವೆ.

ಇಲ್ಲಿ ತಪ್ಪದೆ ಬರುವ ಪ್ರಶ್ನೆ: ಪ್ರದರ್ಶನದ ಪುಸ್ತಕ ಮನೆಗೆ ಒಯ್ಯಬಹುದೇ? ಒಯ್ಯಬಹುದು ಎನ್ನುವಂತೆಯೇ ವ್ಯವಸ್ಥೆ ಮಾಡಿ. "ಮುಟ್ಟಬೇಡಿ" ಎಂಬ ಫಲಕದ ಹಿಂದೆ ಇಟ್ಟ ಪುಸ್ತಕ ಕಪಾಟಿನಲ್ಲಿದ್ದಾಗಲೇ ಹೆಚ್ಚು ಸುಖವಾಗಿತ್ತು. ಒಯ್ದ ಪುಸ್ತಕದ ಜಾಗದಲ್ಲಿ ಅದರ ಮುಖಪುಟದ ಬಣ್ಣದ ಜೆರಾಕ್ಸ್ ಅಂಟಿಸಿದ ರಟ್ಟು ನಿಲ್ಲಿಸಿ. ಅದರ ಮೇಲೆ ವರ್ಗಸಂಖ್ಯೆ ಮತ್ತು "ಓದುಗರ ಕೈಯಲ್ಲಿದೆ, ಕಾಯ್ದಿರಿಸಲು ಹೆಸರು ಬರೆಯಿರಿ" ಎಂಬ ಸಾಲು ಇರಲಿ. ಹೀಗೆ ರಟ್ಟು ಹೆಚ್ಚಾದಷ್ಟೂ ಮೇಜು ಖಾಲಿ ಕಾಣುವ ಬದಲು ಬೇಡಿಕೆಯಲ್ಲಿರುವಂತೆ ಕಾಣುತ್ತದೆ. ಪರಾಮರ್ಶನ ವಿಭಾಗದ ಪುಸ್ತಕ ಹೊರಗೆ ಹೋಗುವಂತಿಲ್ಲ, ಅವಕ್ಕೆ ಬೇರೆ ಬಣ್ಣದ ಚೀಟಿ ಹಾಕಿ ಪಕ್ಕದಲ್ಲಿ ಎರಡು ಕುರ್ಚಿ ಇಡಿ. ಸದಸ್ಯತ್ವದ ಅರ್ಜಿ ನಮೂನೆ ಇದೇ ಮೇಜಿನ ತುದಿಯಲ್ಲಿ ಇರಬೇಕು, ಒಳಗಿನ ಕೌಂಟರಿನಲ್ಲಲ್ಲ.

ಹಳೆಯ ಪುಸ್ತಕವನ್ನು ತೆರೆದಿಡುವುದಾದರೆ ಚಪ್ಪಟೆಯಾಗಿ ಬಿಡಿಸಬೇಡಿ, ಬೆನ್ನು ಸೀಳುತ್ತದೆ. ಎರಡೂ ಬದಿಗೆ ರಟ್ಟಿನ ಇಳಿಜಾರು ಆನಿಕೆ ಕೊಟ್ಟು 90ರಿಂದ 120 ಡಿಗ್ರಿ ಒಳಗೆ ನಿಲ್ಲಿಸಿ. ಪುಟ ಹಿಡಿಯಲು ರಬ್ಬರ್ ಬ್ಯಾಂಡ್, ಕ್ಲಿಪ್ ಬೇಡ. ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಎರಡು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಪುಟದ ಸುತ್ತ ಬಳಸಿ, ಅಂಟನ್ನು ಪಟ್ಟಿಗೆ ಪಟ್ಟಿಗಷ್ಟೇ ಹಚ್ಚಿ. ನಾಲ್ಕೈದು ದಿನಕ್ಕೊಮ್ಮೆ ಪುಟ ತಿರುವಿ, ಒಂದೇ ಪುಟಕ್ಕೆ ಬೆಳಕು ಬೀಳುತ್ತಿದ್ದರೆ ಅದು ಮಾತ್ರ ಕಂದುತ್ತದೆ.

ಮನೆಗಳಿಂದ ಸಾಮಗ್ರಿ ಕೇಳಿ ತರುವಾಗ

ತೋಟದ ಮನೆಗಳಲ್ಲಿ ಹಳೆಯ ಫೋಟೊ, ಚೆಕ್‌ರೋಲ್ ಪುಸ್ತಕ (ಕೆಲಸದವರ ಹಾಜರಿ-ಕೂಲಿಯ ಲೆಕ್ಕ), ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ರಸೀದಿ, ಕಾಫಿ ಬೋರ್ಡಿನ ಪತ್ರ, ಇವೆಲ್ಲ ಅಟ್ಟದ ಪೆಟ್ಟಿಗೆಯಲ್ಲಿರುತ್ತವೆ. ಕೊಡುವವರು ಪ್ರೀತಿಯಿಂದ ಕೊಡುತ್ತಾರೆ, ರಸೀದಿ ಕೇಳುವುದಿಲ್ಲ. ಆದರೂ ಬರೆದುಕೊಡಿ. ಎರಡು ಪ್ರತಿ, ಪ್ರತಿ ವಸ್ತುವಿಗೆ ಒಂದು ಸಾಲು: ಏನು, ಉದ್ದ-ಅಗಲ, ಈಗಿನ ಸ್ಥಿತಿ (ಎಡಮೂಲೆ ಹರಿದಿದೆ, ಕಲೆ ಇದೆ), ಮರಳಿಸುವ ತಾರೀಕು. ಎದುರು-ಹಿಂದು ಎರಡೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಫೋಟೊ ಹಿಂಬದಿಗೆ ಸಂಖ್ಯೆ ಬರೆಯುವುದಾದರೆ ಮೆತ್ತನೆ ಪೆನ್ಸಿಲಿನಲ್ಲಿ, ಅಂಚಿನಲ್ಲಿ. ಬಾಲ್‌ಪೆನ್ ಒತ್ತಿದರೆ ಗೆರೆ ಮುಂಬದಿಗೆ ಉಬ್ಬುತ್ತದೆ.

ಅಂಟು ಹಾಳೆಯ ಆಲ್ಬಂನಿಂದ ಫೋಟೊ ಕೀಳಲು ಹೋಗಬೇಡಿ, ಹಾಳೆ ಸಮೇತ ಸ್ಕ್ಯಾನ್ ಮಾಡಿ. ನಿಜ ಹೇಳಬೇಕೆಂದರೆ ಹತ್ತರಲ್ಲಿ ಒಂಬತ್ತು ಫೋಟೊಗಳಿಗೆ ಸ್ಕ್ಯಾನ್ ಸಾಕು, ಮೂಲ ಅದೇ ದಿನ ಮರಳಿ ಕೊಡಬಹುದು. 4x6 ಇಂಚಿನ ಫೋಟೊವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 2400x3600 ಪಿಕ್ಸೆಲ್ ಸಿಗುತ್ತದೆ. ಅದನ್ನು ಎ2 ಅಳತೆಗೆ ಹಿಗ್ಗಿಸಿದರೂ ಎರಡು ಮೂರು ಅಡಿ ದೂರದಿಂದ ಚೆನ್ನಾಗಿ ಕಾಣುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದ ಫೋಟೊ ಕುಗ್ಗಿ, ಉದ್ದದ ಬದಿಗೆ ಬಹುಮಟ್ಟಿಗೆ 1600 ಪಿಕ್ಸೆಲ್‌ನಷ್ಟಕ್ಕೆ ಇಳಿದಿರುತ್ತದೆ. 300 ಡಿಪಿಐನಲ್ಲಿ ಅದು ಹದಿಮೂರೂವರೆ ಸೆಂಟಿಮೀಟರಿಗೆ ಸಾಲುತ್ತದೆ, ಅಷ್ಟೇ. "ಡಾಕ್ಯುಮೆಂಟ್" ಎಂದು ಕಳಿಸಲು ಹೇಳಿ.

ಕಾಫಿ ಪ್ರದರ್ಶನಗಳ ದೊಡ್ಡ ಕೊರತೆ ಇಲ್ಲೇ ಹುಟ್ಟುತ್ತದೆ. ಸುಲಭವಾಗಿ ಸಿಗುವುದು ಬಂಗಲೆ, ಜೀಪು, ಬೇಟೆ, ಧಣಿಗಳ ಮದುವೆ. ಹಣ್ಣು ಕೊಯ್ದವರು ಆ ಚಿತ್ರಗಳಲ್ಲಿ ಇರುವುದಿಲ್ಲ, ಇದ್ದರೂ ಹೆಸರಿಲ್ಲ. ತೋಟದ ಕೆಲಸದವರ ಲೈನ್ ಮನೆಗಳಲ್ಲಿ, ಮೇಸ್ತ್ರಿ, ರೈಟರ್ (ಲೆಕ್ಕ ಬರೆಯುವವರು) ಆಗಿದ್ದವರ ಮನೆಗಳಲ್ಲಿ ವಿಚಾರಿಸಿ. ಕೊಯ್ಲಿನ ಬುಟ್ಟಿ, ಕತ್ತಿ, ಕಂಬಳಿ ಕೊಪ್ಪೆ ಅಲ್ಲಿ ಸಿಗುತ್ತವೆ. ಚೆಕ್‌ರೋಲ್ ಪುಟ ತೋರಿಸುವಾಗ ಕೂಲಿಯ ಅಂಕಿ, ಹಾಜರಿ ಗುರುತು ಕಾಣಲಿ, ಜನರ ಹೆಸರಿನ ಕಲಮಿನ ಮೇಲೆ ಕಾಗದದ ಪಟ್ಟಿ ಇಡಿ. ಅವರ ಮಕ್ಕಳು ಮೊಮ್ಮಕ್ಕಳು ಇದೇ ಊರಲ್ಲಿದ್ದಾರೆ, ಅಜ್ಜನ ಸಾಲದ ಲೆಕ್ಕ ಗೋಡೆಯ ಮೇಲೆ ನೋಡಬೇಕಾಗಿಲ್ಲ.

ಇಂಟರ್‌ನೆಟ್ಟಿನಿಂದ ಇಳಿಸಿದ ಚಿತ್ರ ಬೇಡ. ನಮ್ಮ ಕಾಯ್ದೆಯಂತೆ, 2012ರ ತಿದ್ದುಪಡಿಯ ನಂತರ, ಫೋಟೊ ತೆಗೆದವರ ಜೀವಿತಾವಧಿಯುದ್ದಕ್ಕೂ, ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷವೂ ಹಕ್ಕುಸ್ವಾಮ್ಯ ಇರುತ್ತದೆ. ಮನೆಯ ಫೋಟೊಗಳಿಗೆ ಆ ಮನೆಯವರ ಲಿಖಿತ ಒಪ್ಪಿಗೆ ರಸೀದಿಯಲ್ಲೇ ಒಂದು ಸಾಲಾಗಿ ಬಂದರೆ ಸಾಕು.

ಜಾಡಿಗಳು

ಮಕ್ಕಳು ಮೊದಲು ಓಡುವುದು ಇಲ್ಲಿಗೆ. ಒಣಗಿದ ಚೆರ್ರಿ (ಇಡೀ ಹಣ್ಣು), ಪಾರ್ಚ್‌ಮೆಂಟ್ (ಒಳಸಿಪ್ಪೆ ಉಳಿಸಿ ಒಣಗಿಸಿದ ಬೇಳೆ), ಸಿಪ್ಪೆ ತೆಗೆದ ಹಸಿರು ಬೇಳೆ, ಹುರಿದ ಬೇಳೆ, ಪುಡಿ. ಅರೇಬಿಕಾ, ರೋಬಸ್ಟಾ ಬೇರೆ ಬೇರೆ. ಬಿಗಿ ಮುಚ್ಚಳದ ಗಾಜಿನ ಜಾಡಿಯಲ್ಲಿ ಮುಕ್ಕಾಲು ಭಾಗ ತುಂಬಿ, ಮುಚ್ಚಳದ ಸುತ್ತ ಟೇಪ್ ಸುತ್ತಿ. ಅರೆ ಒಣಗಿದ್ದು ತಂದರೆ ಜಾಡಿಯ ಒಳಗೆ ಬೆವರು ಕೂತು ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಕಾಯಿಕೊರಕ ಇದ್ದ ಕಾಯಿಯಾದರೆ ಹುಳು ಹೊರಬಂದು ಗಾಜಿನ ಮೇಲೆ ಹರಿದಾಡುತ್ತದೆ. ತಾಜಾ ಹಣ್ಣು ಉದ್ಘಾಟನೆಯ ದಿನಕ್ಕೆ ಚೆಂದ, ಮರುದಿನ ಹುಳಿ ವಾಸನೆ ಬಂದು ನೊಣ ಮುತ್ತುತ್ತದೆ. ಸಂಜೆಯೇ ತೆಗೆದುಬಿಡಿ. ವಾಸನೆ ನೋಡಲೆಂದು ಒಂದು ಜಾಡಿಗೆ ಮಾತ್ರ ತೂತುಳ್ಳ ಮುಚ್ಚಳ ಹಾಕಿ ಹುರಿದ ಬೇಳೆ ಇಡಬಹುದು.

ಕಾಫಿ ಕುಡಿಸುವ ಆಸೆ ಎಲ್ಲರಿಗೂ ಇರುತ್ತದೆ. ಕುಡಿಸಿ, ಆದರೆ ಕಟ್ಟಡದ ಹೊರಗೆ. ಲೋಟದ ಸಕ್ಕರೆ, ಬಿಸ್ಕತ್ತಿನ ಪುಡಿ ಇರುವೆ-ಜಿರಲೆಗಳನ್ನು ಕರೆಯುತ್ತದೆ, ಅವು ಪ್ರದರ್ಶನ ಮುಗಿದ ಮೇಲೆ ಪುಸ್ತಕದ ಅಂಟಿಗೆ ಬಾಯಿ ಹಾಕುತ್ತವೆ.

ಹಲಗೆ ಮತ್ತು ಅಕ್ಷರ

20x30 ಅಡಿಯ ಕೋಣೆಗೆ ಎ2 ಅಳತೆಯ ಹನ್ನೆರಡು ಹಲಗೆ ಸಾಕು. 5 ಮಿಲಿಮೀಟರ್ ಸನ್‌ಬೋರ್ಡ್ ಬಳಸಿ, 3 ಮಿಲಿಮೀಟರಿನದು ಗೋಡೆಗೆ ಆನಿಸಿದರೆ ಎರಡೇ ದಿನಕ್ಕೆ ಬಾಗುತ್ತದೆ. ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದ ನಿಷೇಧವಿದೆ, ಹೊರಗಿನ ಬ್ಯಾನರ್ ಬಟ್ಟೆಯದೇ ಇರಲಿ. ಡಿಸ್ಟೆಂಪರ್ ಗೋಡೆಗೆ ಡಬಲ್ ಸೈಡ್ ಟೇಪ್ ಅಂಟಿಸಿದರೆ ಎರಡರಲ್ಲಿ ಒಂದು ಖಚಿತ: ರಾತ್ರಿ ತೇವಕ್ಕೆ ಹಲಗೆ ಬೀಳುತ್ತದೆ, ಇಲ್ಲವೇ ಕೊನೆಯ ದಿನ ಟೇಪಿನ ಜತೆ ಗೋಡೆಯ ಬಣ್ಣವೂ ಬರುತ್ತದೆ. ಮೇಲಂಚಿನಿಂದ 3 ಸೆಂಟಿಮೀಟರ್ ಕೆಳಗೆ ಎರಡು ತೂತು ಕೊರೆದು, ನೈಲಾನ್ ದಾರದಲ್ಲಿ ಕಬ್ಬಿಣದ ಸ್ಟ್ಯಾಂಡಿಗೆ ಇಳಿಬಿಡಿ. ಹಲಗೆಯ ನಡುಭಾಗ ನೆಲದಿಂದ 145 ಸೆಂಟಿಮೀಟರ್ ಎತ್ತರದಲ್ಲಿರಲಿ, ಮಕ್ಕಳಿಗೆಂದೇ ಮಾಡಿದ್ದಾದರೆ 110. ಸ್ಟ್ಯಾಂಡುಗಳ ನಡುವೆ 120 ಸೆಂಟಿಮೀಟರ್ ಬಿಟ್ಟರೆ ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ.

ಒಂದು ಹಲಗೆಗೆ ಅರವತ್ತು ಪದ ಮೀರಬಾರದು. ಮೈಬರಹ 28ರಿಂದ 32 ಪಾಯಿಂಟ್, ತಲೆಬರಹ 90ರ ಸುಮಾರು, ಜಾಡಿಯ ಪಕ್ಕದ ಚೀಟಿ 20. ಕನ್ನಡಕ್ಕೆ ಸಾಲಿನ ಅಂತರ ಒಂದೂವರೆ ಪಟ್ಟು ಬೇಕು, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟು, ಗುಡಿಸುಗಳಿಗೆ ತಾಗುತ್ತದೆ.

ಮುದ್ರಣದಂಗಡಿಯಲ್ಲಿ ಆಗುವ ಅವಾಂತರ ಬಹುತೇಕ ಅಕ್ಷರದ್ದೇ. ನೀವು ಯೂನಿಕೋಡ್‌ನಲ್ಲಿ ಬರೆದು ವರ್ಡ್ ಕಡತ ಕೊಡುತ್ತೀರಿ, ಅಂಗಡಿಯವರ ಹಳೆಯ ವಿನ್ಯಾಸ ತಂತ್ರಾಂಶ ನುಡಿ ಅಥವಾ ಬರಹದ ಹಳೆ ಫಾಂಟಿಗೆ ಒಗ್ಗಿರುತ್ತದೆ. ಪರಿವರ್ತನೆ ಮಾಡುವಾಗ ಒತ್ತಕ್ಷರ ಬಿಡಿಬಿಡಿಯಾಗುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ, ಅಂಕಿಗಳು ಕನ್ನಡ-ಇಂಗ್ಲಿಷ್ ಬೆರೆತು ಬರುತ್ತವೆ. ಫಾಂಟ್ ಅಡಕವಾದ ಪಿಡಿಎಫ್ ಕೊಟ್ಟು, "ಇದನ್ನು ಮತ್ತೆ ಟೈಪ್ ಮಾಡಬೇಡಿ" ಎಂದು ಹೇಳಿ. ಎ4 ಹಾಳೆಯಲ್ಲಿ ಒಂದು ಪ್ರತಿ ತೆಗೆಸಿ, ಬರೆದವರಲ್ಲದೆ ಇನ್ನೊಬ್ಬರು ಗಟ್ಟಿಯಾಗಿ ಓದಲಿ. ಆಮೇಲಷ್ಟೇ ಸನ್‌ಬೋರ್ಡಿಗೆ ಹಾಕಿಸಿ.

ಬರಹದ ವಿಚಾರದಲ್ಲಿ ಒಂದು ಎಚ್ಚರ. ಸೂಫಿ ಸಂತ ಬಾಬಾ ಬುಡನ್ ಏಳು ಕಾಫಿ ಬೀಜ ತಂದ ಕತೆ ಹೇಳದೆ ಕಾಫಿ ಪ್ರದರ್ಶನ ಆಗದು, ಆದರೆ ಅದನ್ನು "ಪ್ರತೀತಿ" ಎಂದೇ ಬರೆಯಿರಿ, ಇಸವಿ ಹಾಕಲು ಹೋಗಬೇಡಿ. ಇಸವಿ ಹಾಕಲು ಗಟ್ಟಿ ಸಂಗತಿಗಳು ಬೇರೆ ಇವೆ: ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಸಂಶೋಧನಾ ಕೇಂದ್ರ, 1942ರ ಕಾಫಿ ಕಾಯ್ದೆ, ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕ. ನೋಡಲು ಬರುವವರಲ್ಲಿ ನಿಮಗಿಂತ ಹೆಚ್ಚು ತಿಳಿದ ಬೆಳೆಗಾರರು ಇರುತ್ತಾರೆ. ಒಂದು ಇಸವಿ ತಪ್ಪಿದರೆ ಉಳಿದ ಹನ್ನೊಂದು ಹಲಗೆಯನ್ನೂ ಅವರು ನಂಬುವುದಿಲ್ಲ.

ಬೆಳಕು, ತೇವ

ಮೂಲ ಕಾಗದ, ಮೂಲ ಫೋಟೊ ಇಟ್ಟಲ್ಲಿ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೇಡ. ಓದುವ ಮೇಜಿಗೆ ಬೇಕಾದ ಬೆಳಕು ಇದರ ಆರು ಪಟ್ಟಾದರೂ ಇರುತ್ತದೆ, ಆದ್ದರಿಂದ ಇವನ್ನಿಟ್ಟ ಗಾಜಿನ ಪೆಟ್ಟಿಗೆಯನ್ನು ಕಿಟಕಿಯಿಂದ ದೂರ, ಕೋಣೆಯ ಒಳಮೂಲೆಗೆ ತನ್ನಿ. ಮೊಬೈಲಿನ ಬೆಳಕು ಅಳೆಯುವ ಆ್ಯಪ್ ಅಂದಾಜಿಗೆ ಸಾಕು. ಬಿಸಿಲು ನೇರ ಬೀಳುವ ಕಿಟಕಿಗೆ ದಪ್ಪ ಖಾದಿ ಬಟ್ಟೆ ಕಟ್ಟಿ.

ಗಾಳಿಯ ತೇವಾಂಶ ಶೇ 65 ದಾಟಿ ಹಾಗೇ ನಿಂತರೆ ಬೂಷ್ಟು ಶುರು. ಮಳೆಗಾಲದಲ್ಲೇ ಪ್ರದರ್ಶನ ಮಾಡಬೇಕಾಗಿ ಬಂದರೆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಬೇಕು, ಶೂ ಡಬ್ಬದಲ್ಲಿ ಸಿಗುವ ಐದು ಗ್ರಾಂ ಪೊಟ್ಟಣ ಏನೇನೂ ಸಾಲದು. ಘನ ಮೀಟರಿಗೆ 20 ಕೆಜಿ ಎಂಬುದು ಸಂಗ್ರಹಾಲಯಗಳ ರೂಢಿಯ ಲೆಕ್ಕ. 60x45x20 ಸೆಂಟಿಮೀಟರ್ ಪೆಟ್ಟಿಗೆಗೆ ಸುಮಾರು ಒಂದು ಕೆಜಿ ಆಗುತ್ತದೆ. ಹತ್ತಿ ಬಟ್ಟೆಯ ಚೀಲದಲ್ಲಿ ಹಾಕಿ, ಕಾಗದಕ್ಕೆ ತಾಗದಂತೆ ತಳದ ರಟ್ಟಿನ ಕೆಳಗಿಡಿ. ಜತೆಗೆ ಪುಟ್ಟ ತೇವಾಂಶ ಮಾಪಕ ಇರಲೇಬೇಕು, ಏಕೆಂದರೆ ಪೂರ್ತಿ ಒಣಗಿದ ಜೆಲ್ ತೇವವನ್ನು ಅತಿಯಾಗಿ ಹೀರಿ ಫೋಟೊ ಸುರುಳಿಯಾಗುವಂತೆ ಮಾಡಬಹುದು. ಮಾಪಕ 40ಕ್ಕಿಂತ ಕೆಳಗೆ ಇಳಿದರೆ ಅರ್ಧ ಜೆಲ್ ತೆಗೆಯಿರಿ, 60ರ ಹತ್ತಿರ ಹೋದರೆ ಮತ್ತೆ ಸೇರಿಸಿ. ಕಿತ್ತಳೆ ಬಣ್ಣದ ಹರಳು ಹಸಿರಿಗೆ ತಿರುಗಿದರೆ ಅದರ ಶಕ್ತಿ ಮುಗಿದಿದೆ ಎಂದರ್ಥ.

ಮಾತು, ಮಕ್ಕಳು, ಮೌನ

ಜಿಲ್ಲಾ ಗ್ರಂಥಾಲಯದ ಓದುವ ಕೋಣೆ ಬೆಳಿಗ್ಗೆಯಿಂದಲೇ ತುಂಬಿರುತ್ತದೆ: ಪತ್ರಿಕೆ ಓದುವ ಹಿರಿಯರು, ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆಗೆ ಕೂತವರು. ಅವರೇ ಗ್ರಂಥಾಲಯದ ನಿತ್ಯದ ಜನ. ಅವರ ಕುರ್ಚಿ ಎತ್ತಿ ಸಭೆ ಮಾಡಿದರೆ ಮೊದಲ ದಿನವೇ ಜಗಳ, ಮತ್ತು ತಪ್ಪು ನಿಮ್ಮದೇ. ಉಪನ್ಯಾಸ ಭಾನುವಾರ ಬೆಳಿಗ್ಗೆ 10:30ಕ್ಕೆ ಇಡಿ, ತಾಲ್ಲೂಕುಗಳಿಂದ ಬಂದವರು ಮಧ್ಯಾಹ್ನದ ಬಸ್ಸಿಗೆ ಮರಳುತ್ತಾರೆ. ನಲವತ್ತು ಜನರವರೆಗೆ ಮೈಕ್ ಬೇಡ. ಬೇಕೇ ಆದರೆ ಸ್ಪೀಕರಿನ ಬೆನ್ನು ಓದುವ ಕೋಣೆಯ ಕಡೆಗಿರಲಿ, ಮೈಕ್ ಹಿಡಿದವರು ಸ್ಪೀಕರಿನ ಹಿಂದೆ ನಿಲ್ಲಲಿ. ಮುಂದೆ ನಿಂತರೆ ಕೀರಲು ಸದ್ದು ತಪ್ಪದು. ಮಾತಿಗೆ 40 ನಿಮಿಷ, ಪ್ರಶ್ನೆಗೆ 20. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಶಾಲು-ಹಾರ, ಅಧ್ಯಕ್ಷೀಯ ನುಡಿ, ವಂದನಾರ್ಪಣೆ ಎಲ್ಲ ಸೇರಿಸಿದರೆ ಅಷ್ಟರಲ್ಲೇ ಒಂದು ಗಂಟೆ ಕಳೆದು, ಭಾಷಣಕಾರರಿಗೆ "ಸಂಕ್ಷಿಪ್ತವಾಗಿ" ಎಂಬ ಚೀಟಿ ಹೋಗುತ್ತದೆ. ಪರಿಚಯ ಎರಡು ನಿಮಿಷ, ಕೊನೆಗೆ ಕೃತಜ್ಞತೆ ಒಂದು ನಿಮಿಷ. ಅಷ್ಟೇ.

ಶಾಲಾ ಮಕ್ಕಳನ್ನು ಒಮ್ಮೆಗೆ ಇಪ್ಪತ್ತೈದಕ್ಕಿಂತ ಹೆಚ್ಚು ಬಿಡಬೇಡಿ, ಜತೆಗೆ ಇಬ್ಬರು ಶಿಕ್ಷಕರು. ಮುಖ್ಯೋಪಾಧ್ಯಾಯರಿಗೆ ಮೂರು ವಾರ ಮುಂಚೆ ಪತ್ರ ಹೋಗಬೇಕು. ವಿವರಣೆ ಕೊಡುತ್ತಾ ಹೋದರೆ ಮೂರನೆಯ ಹಲಗೆಗೇ ಹಿಂದಿನ ಸಾಲು ಚದುರುತ್ತದೆ. ಐದು ಪ್ರಶ್ನೆಯ ಹುಡುಕುವ ಚೀಟಿ ಕೊಡಿ: ಪಾರ್ಚ್‌ಮೆಂಟ್ ಯಾವ ಜಾಡಿಯಲ್ಲಿದೆ? ಚೆಕ್‌ರೋಲಿನಲ್ಲಿ ಒಂದು ದಿನದ ಕೂಲಿ ಎಷ್ಟು? ಅರೇಬಿಕಾ ಬೇಳೆ, ರೋಬಸ್ಟಾ ಬೇಳೆ ಆಕಾರದಲ್ಲಿ ಹೇಗೆ ಬೇರೆ? ಐದನೆಯ ಪ್ರಶ್ನೆಯ ಉತ್ತರ ಮಾತ್ರ ಹಲಗೆಯಲ್ಲಿ ಇರಕೂಡದು, ಮೇಜಿನ ಒಂದು ಪುಸ್ತಕದೊಳಗೆ ಇರಬೇಕು. ಬರೆಯಲು ಪೆನ್ಸಿಲ್ ಮಾತ್ರ ಕೊಡಿ. ಶಾಯಿ ಪೆನ್ನು ಹಿಡಿದ ಮಗು ಮೂಲ ದಾಖಲೆಯ ಹತ್ತಿರ ಸುಳಿಯಬಾರದು.

ಸುದ್ದಿ ಹಬ್ಬಿಸಲು ಪತ್ರಿಕೆಗಳ "ಇಂದಿನ ಕಾರ್ಯಕ್ರಮ" ಅಂಕಣಕ್ಕೆ ಮೂರು ದಿನ ಮುಂಚೆ, ಹಾಸನ ಆಕಾಶವಾಣಿಗೆ ಹದಿನೈದು ದಿನ ಮುಂಚೆ ಮಾಹಿತಿ ಕಳಿಸಿ. ವಾಟ್ಸ್‌ಆ್ಯಪ್ ಪೋಸ್ಟರಿನಲ್ಲಿ ಸಮಯ, ರಜಾದಿನ, ಪ್ರವೇಶ ಉಚಿತ ಎಂಬುದು ದೊಡ್ಡದಾಗಿ ಕಾಣಲಿ.

ಇಳಿಸುವ ದಿನ

ಸಂದರ್ಶಕರ ಪುಸ್ತಕದ ಸಹಿಗಿಂತ ಎರಡು ಅಂಕಿ ಮುಖ್ಯ: ಮೇಜಿನಿಂದ ಎಷ್ಟು ಪುಸ್ತಕ ಎರವಲು ಹೋದವು, ಎಷ್ಟು ಜನ ಹೊಸದಾಗಿ ಸದಸ್ಯರಾದರು. ಕೌಂಟರಿನ ಲೆಜರ್‌ನಿಂದ ಬರೆದುಕೊಂಡು ಒಂದು ಪುಟದ ವರದಿ ಕಡತಕ್ಕೆ ಸೇರಿಸಿ. ಮುಂದಿನ ಸಲ ಅನುಮತಿ ಕೇಳುವಾಗ ಇದೇ ಕಾಗದ ಕೆಲಸಕ್ಕೆ ಬರುತ್ತದೆ.

ಸಾಮಗ್ರಿ ಮರಳಿಸುವಾಗ ರಸೀದಿಯ ಎರಡೂ ಪ್ರತಿ ಎದುರಿಟ್ಟು, ಸ್ಥಿತಿ ನೋಡಿ, ಸಹಿ ಮಾಡಿಸಿಕೊಳ್ಳಿ. ಒಂದೇ ದಿನಕ್ಕೆ ಎಲ್ಲ ಮನೆ ಮುಗಿಸುವ ಹಟ ಬೇಡ, ಗಡಿಬಿಡಿಯಲ್ಲೇ ಒಬ್ಬರ ಫೋಟೊ ಇನ್ನೊಬ್ಬರ ಲಕೋಟೆಗೆ ಸೇರುವುದು. ಸನ್‌ಬೋರ್ಡ್‌ಗಳನ್ನು ನಿಲ್ಲಿಸಿ ಇಡದೆ, ನಡುವೆ ಕಾಗದ ಹಾಕಿ ಚಪ್ಪಟೆಯಾಗಿ ಜೋಡಿಸಿ, ಹಳೆ ಸೀರೆಯಲ್ಲಿ ಸುತ್ತಿ, ನೆಲದಿಂದ ಮೇಲೆ ಇಡಿ. ಅವನ್ನು ಅಲ್ಲೇ ಕೊಳೆಯಲು ಬಿಡುವ ಬದಲು ತಾಲ್ಲೂಕು ಶಾಖೆಗಳಿಗೂ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿಗೂ ಕಳಿಸಬಹುದು. ಅಲ್ಲಿನ ಕೋಣೆಗಳು ಚಿಕ್ಕವು, ಹನ್ನೆರಡೂ ಹಿಡಿಸುವುದಿಲ್ಲ. ಆರು ಹಲಗೆ, ನಾಲ್ಕು ಜಾಡಿ, ಹತ್ತು ಪುಸ್ತಕದ ಒಂದು ಕಟ್ಟು ಮಾಡಿ, ಒಳಗಿನ ವಸ್ತುಗಳ ಪಟ್ಟಿಯನ್ನು ಮೊದಲ ಹಲಗೆಯ ಬೆನ್ನಿಗೇ ಅಂಟಿಸಿ ಕಳಿಸಿ.